ಏಳನೇ ಬೆಡ್ಡಿನ ಹೆಂಗಸು

“ಮೇಡಂ, ಈ ಶುಕ್ರವಾರ ನಮ್ಮತ್ತಿ ಸಾಯಬಾರದ್ರಿ. ಅದು ನಿಮ್ಮ ಕೈಯಾಗ ಐತಿ.”

ಹೋದ ತಿಂಗಳು ಒಂದು ಮಂಗಳವಾರ ಸಂಜೆ ಫೋನಿನಲ್ಲಿ ಹೀಗೊಂದು ಹೆಣ್ಣು ದನಿ. ಶಾಲೆಯಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ನಾನು ಡಾಕ್ಟರಲ್ಲ, ಗಂಗಾವತಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು ಎಂಬುದು ಈ ಅಂಕಣ ಓದುವ ನಿಮಗೆಲ್ಲ ಗೊತ್ತೇ ಇದೆ. ಆಗ ನನ್ನ ಕೈಯಲ್ಲಿ ಇದ್ದದ್ದು ಒಂದು ಕಟ್ಟು ಮೆಂತ್ಯ ಸೊಪ್ಪು, ಅಷ್ಟೆ. ರಾಂಗ್ ನಂಬರ್ ಇರಬೇಕು ತಂಗಿ ಎಂದೆ.

“ಇಲ್ರಿ. ನೀವು ಚೈತ್ರಲತಾ ಮೇಡಂ ಹೌದಿಲ್ಲೋ?”

ಸಿಕ್ಕಿಬಿದ್ದೆ.

(ಸೊಸೆಯೊಬ್ಬಳು ಅತ್ತೆಯ ಆಯುಷ್ಯಕ್ಕಾಗಿ ಕಂಡು ಕೇಳರಿಯದವರಿಗೆ ಫೋನ್ ಮಾಡಿದ್ದನ್ನು ನಾನು ಕೇಳಿದ್ದೂ ಅದೇ ಮೊದಲು. ಹಾಗಾಗಿ ಫೋನ್ ಇಡುವ ಮನಸ್ಸಾಗಲಿಲ್ಲ.)

ನಿಮ್ಮಿಂದ ಇಷ್ಟು ದಿನ ಮುಚ್ಚಿಟ್ಟ ಒಂದು ಗುಟ್ಟನ್ನು ಈಗ ಹೇಳಲೇಬೇಕು. ಚೈತ್ರಲತಾ ಎಂದರೆ ನಾನೇ. ಎರಡು ವರ್ಷದಿಂದ ಒಂದು ಮೊಬೈಲ್ ಆ್ಯಪ್‌ನಲ್ಲಿ ಆ ಹೆಸರಿನಲ್ಲಿ ಧಾರಾವಾಹಿ ಬರೆಯುತ್ತಿದ್ದೇನೆ. ಪ್ರತಿ ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಒಂದು ಕಂತು. ಎಂಥ ಧಾರಾವಾಹಿ ಅಂತೀರಾ? ಡಾಕ್ಟರು ಮತ್ತು ನರ್ಸಿನ ಪ್ರೇಮ. ಮೆಡಿಕಲ್ ರೊಮಾನ್ಸ್. ಇಲ್ಲಿ ಪ್ರತಿ ವಾರ ನಿಮಗೆ ಬುದ್ಧಿ ಹೇಳುವ ಬಾಯಿ, ಅಲ್ಲಿ ಸರ್ಜನ್ ಸಾಹೇಬರ ಕಣ್ಣಿನ ಬಣ್ಣ ವರ್ಣಿಸುತ್ತಿರುತ್ತದೆ. ನಗುವವರು ನಕ್ಕುಬಿಡಿ.

ಮೆಡಿಕಲ್ ರೊಮಾನ್ಸ್ ಬರೆಯುವುದು ಕಷ್ಟವೇನಲ್ಲ. ಒಬ್ಬ ಸರ್ಜನ್ ಬೇಕು. ಎತ್ತರದ ಆಳು, ಮಾತು ಕಡಿಮೆ, ಎದೆಯಲ್ಲೊಂದು ಹಳೆಯ ನೋವು. ಒಬ್ಬ ಸ್ಟಾಫ್ ನರ್ಸ್ ಬೇಕು. ಮುಂಗೋಪಿ, ಆದರೆ ಮನಸ್ಸು ಬೆಣ್ಣೆ. ಇಬ್ಬರೂ ಪದೇ ಪದೇ ಹತ್ತಿರ ಬರಲು ಒಂದು ಜಾಗ ಬೇಕು. ಅದಕ್ಕೆ ಮಂಚಕ್ಕಿಂತ ಒಳ್ಳೆಯದು ಯಾವುದಿದೆ? ಆಸ್ಪತ್ರೆಯ ಮಂಚ ರೀ! ಅವನು ಆ ಕಡೆ, ಇವಳು ಈ ಕಡೆ. ನಡುವೆ ಮಂಚದ ಮೇಲೆ ಯಾರಾದರೂ ಮಲಗಿರಬೇಕು. ಯಾರಾದರೂ ಎಂದರೆ ಯಾರಾದರೂ.

ಆಪರೇಷನ್ ಥಿಯೇಟರನ್ನು ನಾನು ನೋಡಿದ್ದು ಹೊರಗಿನಿಂದ ಮಾತ್ರ. ಬಾಗಿಲ ಮೇಲಿನ ಕೆಂಪು ಬಲ್ಬು ಗೊತ್ತು, ಒಳಗಿನದು ಗೊತ್ತಿಲ್ಲ. ಕುಷ್ಟಗಿಯ ಒಬ್ಬ ನರ್ಸ್ ಓದುಗರು ಒಮ್ಮೆ ಕಮೆಂಟ್ ಹಾಕಿದ್ದರು: ನಿಮ್ಮ ಹೀರೋ ಹೀಗೆ ಒಂದೊಂದು ಮಂಚದ ಹತ್ತಿರ ಅರ್ಧರ್ಧ ಗಂಟೆ ನಿಂತರೆ ಹೊರಗಿನ ಕ್ಯೂ ಯಾರು ನೋಡ್ತಾರೆ ಮೇಡಂ? ನಾನು ಅದಕ್ಕೊಂದು ನಗುವ ಮುಖ ಹಾಕಿ ಸುಮ್ಮನಾಗಿದ್ದೆ.

ಈ ಸಲದ ಕಥೆಯಲ್ಲಿ ಆ “ಯಾರಾದರೂ” ಆಗಿ ಮಲಗಿದ್ದವಳು ಏಳನೇ ಬೆಡ್ಡಿನ ಹೆಂಗಸು. ಹೆಸರಿಟ್ಟಿರಲಿಲ್ಲ. ಕುತ್ತಿಗೆಯಲ್ಲಿ ಥೈರಾಯ್ಡ್ ಗಡ್ಡೆ, ಅದನ್ನು ಮುಚ್ಚಿಕೊಳ್ಳಲು ಸದಾ ಸುತ್ತಿಕೊಂಡ ಸೆರಗು, ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆಂದು ತಲೆಗೆ ಎರಡು ದಿಂಬು. ಇಷ್ಟನ್ನು ಯಲಬುರ್ಗಾದಲ್ಲಿರುವ ನನ್ನ ಚಿಗವ್ವನಿಂದ, ಅಂದರೆ ಅವ್ವನ ತಂಗಿಯಿಂದ, ಹಾಗೇ ಎತ್ತಿಕೊಂಡಿದ್ದೆ. ಆಕೆಗೆ ಹತ್ತು ವರ್ಷದ ಹಿಂದೆ ಇದೇ ಗಡ್ಡೆ ಇತ್ತು. ಕದ್ದ ಮಾಲಿಗೆ ಖರ್ಚಿಲ್ಲ ನೋಡಿ.

ಮೂರು ವಾರದಿಂದ ಆ್ಯಪ್‌ನಲ್ಲಿ ಒಬ್ಬಳು ಒಂದೇ ಕಮೆಂಟ್ ಹಾಕುತ್ತಿದ್ದಳು. “ಏಳನೇ ಬೆಡ್ ಪೇಷಂಟ್ ಏನಾದ್ರು?” ಉಳಿದವರೆಲ್ಲ ಅವನು ಯಾವಾಗ ಐ ಲವ್ ಯೂ ಹೇಳ್ತಾನೆ ಎಂದು ಬಡಿದಾಡುವಾಗ, ಇವಳೊಬ್ಬಳು ಮಂಚದ ಮೇಲಿನವಳನ್ನು ಕೇಳುತ್ತಿದ್ದಳು. ಯಾರಿವಳು? ಕುತೂಹಲ ನನ್ನ ದೊಡ್ಡ ದೌರ್ಬಲ್ಯ. ಭಾನುವಾರ ಅವಳು ನಂಬರ್ ಕೇಳಿದಳು, ಕೊಟ್ಟೆ. ಮಂಗಳವಾರ ಫೋನ್ ಬಂತು.

ಅವಳ ಹೆಸರು ರೇಣುಕಾ. ಇಲ್ಲೇ ಪಕ್ಕದ ಮರಳಿ ಎಂಬ ಊರಿನವಳು. ಪಿಯುಸಿ ಮುಗಿಸಿ ಮದುವೆಯಾಗಿದ್ದಾಳೆ. ಅತ್ತೆ ಹನುಮವ್ವ, ಭತ್ತದ ಗದ್ದೆಯಲ್ಲಿ ನಾಟಿ ಹಚ್ಚುವ ಹದಿನಾಲ್ಕು ಹೆಂಗಸರ ಗುಂಪಿನ ಮುಂದಾಳು. ಹನುಮವ್ವನ ಕುತ್ತಿಗೆಯಲ್ಲಿ ಆರು ವರ್ಷದಿಂದ ಗಡ್ಡೆ. ಈಗೀಗ ಅಂಗಾತ ಮಲಗಲು ಆಗುತ್ತಿಲ್ಲ, ನೀರು ಕುಡಿದರೂ ಕೆಮ್ಮು. ಕೊಪ್ಪಳದ ಆಸ್ಪತ್ರೆಯೊಂದರಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿ, ಕ್ಯಾನ್ಸರ್ ಅಲ್ಲ, ಆದರೆ ಉಸಿರಿನ ನಾಳವನ್ನು ಒತ್ತುತ್ತಿದೆ, ತೆಗೆಯಬೇಕು ಎಂದಿದ್ದಾರೆ. ಬರುವ ಸೋಮವಾರ ಆಪರೇಷನ್ ಎಂದು ದಿನವನ್ನೂ ಕೊಟ್ಟಿದ್ದಾರೆ. ಹನುಮವ್ವ ಒಪ್ಪುತ್ತಿಲ್ಲ.

ನಮ್ಮ ಕಡೆ ಇಂಥ ಹೊತ್ತಿನಲ್ಲಿ ಏನು ಮಾಡುತ್ತಾರೆ? ದೇವರ ಹತ್ತಿರ ಹೂ ಕೇಳುತ್ತಾರೆ. ಮೂರ್ತಿಗೆ ಹೂ ಹಚ್ಚಿ ಎದುರು ಕೂಡುವುದು. ಬಲಕ್ಕೆ ಬಿದ್ದರೆ ಆಗಲಿ ಎಂದರ್ಥ, ಎಡಕ್ಕೆ ಬಿದ್ದರೆ ಬೇಡ. ಹನುಮವ್ವನೂ ಶನಿವಾರ ಹೋಗಿ ಕೂತಳಂತೆ. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಮಧ್ಯಾಹ್ನದವರೆಗೆ ಅಂಟಿಕೊಂಡೇ ಇತ್ತು. ಪೂಜಾರಪ್ಪ ಮುಂದಿನ ಶನಿವಾರ ಬಾ ಎಂದ.

ಅಲ್ಲಿಂದ ಎದ್ದು ಬಂದ ಹನುಮವ್ವ ಒಂದು ತೀರ್ಮಾನಕ್ಕೆ ಬಂದಳು. ರೇಣುಕಾ ವಾರವಾರ ಗದ್ದೆಯ ಬದುವಿನ ಮೇಲೆ ಓದುವ ಕಥೆಯಲ್ಲಿ ಥೇಟ್ ತನ್ನಂಥವಳೇ ಒಬ್ಬಳಿದ್ದಾಳೆ. ಅದೇ ಗಡ್ಡೆ, ಅದೇ ಸೆರಗು, ಅದೇ ಎರಡು ದಿಂಬು. ಅವಳಿಗೆ ಏನಾಗುತ್ತದೋ ನೋಡೋಣ. ಅವಳು ಬದುಕಿ ಮನೆಗೆ ಹೋದರೆ ನಾನೂ ಆಪರೇಷನ್ನಿಗೆ ಹೋಗುತ್ತೇನೆ. ಸತ್ತರೆ ಹೋಗುವುದಿಲ್ಲ.

“ಅದಕ್ಕ ಕೇಳಾಕ್ಹತ್ತೀನ್ರಿ ಮೇಡಂ. ಬದುಕ್ಸಿಬಿಡ್ರಿ. ನಿಮಗೇನು, ಬರಿಯೋದ ಐತಲ್ರಿ.”

ನನಗೇನು, ಬರೆಯುವುದು ತಾನೇ? ಸರಿ. ಆದರೆ ಒಂದು ತೊಡಕಿತ್ತು. ಶುಕ್ರವಾರದ ಕಂತು ಆಗಲೇ ಬರೆದು, ಆ್ಯಪ್‌ಗೆ ಏರಿಸಿ, ಟೈಮ್ ಹಾಕಿ ಇಟ್ಟಾಗಿತ್ತು. ಅದರ ಕೊನೆಯ ಸಾಲುಗಳು ಹೀಗಿದ್ದವು: “ಏಳನೇ ಬೆಡ್ ಖಾಲಿಯಾಗಿತ್ತು. ಅವಳ ಕಣ್ಣು ತುಂಬಿ ಬಂತು. ಅವನು ಮೊದಲ ಬಾರಿಗೆ ಅವಳ ಕೈ ಹಿಡಿದ.”

ಆ ಒಂದು ಕೈಗಾಗಿ ಓದುಗರು ಇಪ್ಪತ್ತೊಂದು ಕಂತು ಕಾದಿದ್ದರು.

ಬುಧವಾರ ಶಾಲೆ ಬಿಟ್ಟ ಮೇಲೆ ಸ್ಟಾಫ್ ರೂಮಿನಲ್ಲಿ ಕೂತು ಕಂತು ತೆರೆದೆ. ಸತ್ತವಳನ್ನು ಎಬ್ಬಿಸಲು ನಾಲ್ಕು ನಿಮಿಷ ಸಾಕಾಯಿತು. “ಏಳನೇ ಬೆಡ್ಡಿನ ಹೆಂಗಸು ನಗುತ್ತ ಮನೆಗೆ ಹೊರಟಳು.” ಟೈಪ್ ಮಾಡಿ ಅಪ್‌ಡೇಟ್ ಒತ್ತಬೇಕು. ಬೆರಳು ಅಲ್ಲೇ ನಿಂತಿತು.

ಅಲ್ಲ, ನಾನು ಯಾರು? ಈ ಸಾಲು ನಂಬಿ ಆ ತಾಯಿ ಸೋಮವಾರ ಹೋಗಿ ಮಂಚ ಹತ್ತುತ್ತಾಳೆ. ಅಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ? ಥೈರಾಯ್ಡ್ ಕುತ್ತಿಗೆಯ ಯಾವ ಬದಿಗಿದೆ ಎಂದು ಗೂಗಲ್ ಮಾಡಿ ಬರೆದವಳು ನಾನು. ನನ್ನ ಸಾಲಿಗೆ ಯಾರು ಜಾಮೀನು? ಹಾಗೆಂದು ಸಾಯಿಸಿದರೆ ಅವಳು ಆಸ್ಪತ್ರೆಯ ಕಡೆ ತಲೆ ಹಾಕುವುದಿಲ್ಲ, ಉಸಿರು ಕಟ್ಟಿಕೊಂಡೇ ಕೂಡುತ್ತಾಳೆ. ಹೂವಾದರೂ ಎರಡೂ ಕಡೆ ಬೀಳದೆ ಜಾಣತನ ಮಾಡಿತ್ತು. ನನಗೆ ಆ ಜಾಣತನವೂ ಇರಲಿಲ್ಲ. ನಿಜ ಹೇಳುತ್ತೇನೆ, ಹೆದರಿದೆ. ಇಪ್ಪತ್ತು ವರ್ಷ ಪಾಠ ಮಾಡಿದ್ದೇನೆ, ಹೆಂಗಸೊಬ್ಬಳ ಉಸಿರು ನನ್ನ ಒಂದು ವಾಕ್ಯಕ್ಕೆ ನೇತುಬಿದ್ದದ್ದು ಇದೇ ಮೊದಲು.

ಎರಡೂ ಸಾಲುಗಳನ್ನು ಅಳಿಸಿ, ಗುರುವಾರಕ್ಕೆ ಒಂದು ಸಿಎಲ್ ರಜೆ ಬರೆದುಕೊಟ್ಟೆ.

ಬರುತ್ತೇನೆ ಎಂದಾಗ ರೇಣುಕಾ ಒಂದು ಷರತ್ತು ಹಾಕಿದಳು. ಕಥೆ ಬರೆಯುವವರು ನೀವೇ ಎಂದು ಹೇಳಬಾರದು. ನಮ್ಮ ಹೈಸ್ಕೂಲ್ ಅಕ್ಕಾರು ಅಂತ ಪರಿಚಯ ಮಾಡ್ತೀನಿ, ಸುಮ್ಮನೆ ಬಂದು ಅತ್ತೆಗೆ ನಾಲ್ಕು ಮಾತು ಹೇಳಿ ಹೋಗಿ. ನಾನು ಹೂಂ ಎಂದೆ. ಅಕ್ಕಾರು, ಅಂದರೆ ಟೀಚರು, ಎಂಬುದೇನೂ ಸುಳ್ಳಲ್ಲವಲ್ಲ.

ಮರಳಿಯ ಹೊರಗೆ ಸ್ಕೂಟಿ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ಬದುವಿನ ಮೇಲೆ ನಡೆದೆ. ಕಾಲುವೆಗೆ ನೀರು ಬಿಟ್ಟು ವಾರಗಳಾಗಿದ್ದವು, ಎತ್ತ ನೋಡಿದರೂ ಕೆಸರು, ಸಸಿ, ಬಗ್ಗಿದ ಬೆನ್ನುಗಳು. ಹನುಮವ್ವನನ್ನು ತೋರಿಸಿಕೊಡುವ ಅಗತ್ಯವೇ ಬೀಳಲಿಲ್ಲ. ಸಾಲಿನ ತುದಿಯಲ್ಲಿ, ಆ ಸೆಕೆಯಲ್ಲೂ ಕುತ್ತಿಗೆಗೆ ಟವೆಲ್ ಸುತ್ತಿಕೊಂಡು, ಮೂರು ಗದ್ದೆಮಡಿ ಆಚೆಗಿನವರಿಗೆ ಸಸಿ ಒತ್ತೊತ್ತಾಗಿ ಹಚ್ಚಬೇಡಿ ಎಂದು ಕೂಗುತ್ತಿದ್ದಳು. ಆ ದನಿಗೆ ಮೈಕ್ ಬೇಡ. ಬೆಳಿಗ್ಗೆ ಓಣಿಯಲ್ಲಿ ನಿಂತು ಒಂದು ಕೂಗು ಹಾಕಿದರೆ ಹದಿನಾಲ್ಕು ಮನೆಯ ಬಾಗಿಲು ತೆರೆಯುತ್ತವೆ, ಹಾಡು ಎತ್ತಿದರೆ ಎಲ್ಲರ ಕೈಯೂ ಒಂದೇ ಲಯಕ್ಕೆ ಬೀಳುತ್ತದೆ ಎಂದು ರೇಣುಕಾ ಹೇಳಿದಳು. ಅತ್ತೆಯ ಬಗ್ಗೆ ಹೇಳುವಾಗ ಅವಳ ಮುಖದಲ್ಲಿ ಹೆಮ್ಮೆ ಇತ್ತು.

ಊಟದ ಹೊತ್ತಿಗೆ ಎಲ್ಲರೂ ಬದುವಿಗೆ ಬಂದರು. ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಚಟ್ನಿ. ನನ್ನ ಕೈಗೂ ಒಂದು ರೊಟ್ಟಿ ಬಂತು. ಒಬ್ಬಾಕೆ ಹೋದ ವಾರ ತವರಿಗೆ ಹೋಗಿದ್ದಳಂತೆ, ಅವಳಿಗಾಗಿ ಹಿಂದಿನ ಕಂತನ್ನು ಇನ್ನೊಮ್ಮೆ ಓದು ಎಂದರು. ರೇಣುಕಾ ಕೈ ಒರೆಸಿಕೊಂಡು ಮೊಬೈಲ್ ತೆಗೆದಳು. ನನ್ನ ಕಡೆ ಒಂದು ಸಲ ನೋಡಿದಳು. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಎರಡು ನಿಮಿಷದಲ್ಲಿ ಆಯಿತು.

ಆ ಕಂತಿನ ಮೊದಲ ಸಾಲು, “ಸಂಜೆಯ ಹೊಂಬಣ್ಣ ಅವನ ಕಣ್ಣುಗಳಲ್ಲಿ ಕರಗುತ್ತಿತ್ತು.” ಅರ್ಧ ಗಂಟೆ ಕೂತು ತಿದ್ದಿದ ಸಾಲು ಅದು. ರೇಣುಕಾ ಓದಿದ್ದು ಹೀಗೆ: “ಸಂಜಿ ಆಗಿತ್ತು. ಡಾಕ್ಟರು ಬಂದ್ರು.”

ಉಸಿರು ಕಿವಿಯಂಚಿಗೆ ತಾಗಿದ್ದು, ಬಳೆ ಸದ್ದು ಮಾಡಿದ್ದು, ಎದೆಯ ಬಡಿತ ಮಾನಿಟರಿನ ಬೀಪ್‌ಗಿಂತ ಜೋರಾದದ್ದು, ಎರಡು ಪುಟದ ಸರಸ ಎಲ್ಲ ಸೇರಿ ಮರಳಿಯ ಬದುವಿನ ಮೇಲೆ ಒಂದೇ ವಾಕ್ಯವಾಯಿತು: “ಇಬ್ರೂ ಮಂಚದ ಹತ್ರ ಭಾಳ ಹೊತ್ತು ನಿಂತ್ರು.”

ಹೆಂಗಸರು ಮೆಚ್ಚಿ ತಲೆಯಾಡಿಸಿದರು. ಆಮೇಲೆ ಪ್ರಶ್ನೆಗಳು ಶುರುವಾದವು. ಒಂದೂ ಡಾಕ್ಟರ ಬಗ್ಗೆ ಅಲ್ಲ, ನರ್ಸಿನ ಬಗ್ಗೆಯೂ ಅಲ್ಲ. ಆಕೆ ಇವತ್ತಾದರೂ ಗಂಜಿ ಕುಡಿದಳಾ? ಮಗಳು ನೋಡಲು ಬಂದಳಾ? ಎಮ್ಮೆ ಹಾಲು ಯಾರು ಕರೀತಾರೆ? ರೇಣುಕಾ ಮೊಬೈಲ್ ನೋಡುತ್ತಲೇ ಪಟಪಟ ಉತ್ತರ ಕೊಟ್ಟಳು. ಗಂಜಿ ಕುಡಿದಳು. ಮಗಳು ಭಾನುವಾರ ಬರುತ್ತಾಳೆ. ಎಮ್ಮೆಯನ್ನು ಪಕ್ಕದ ಮನೆಯಾಕೆ ನೋಡಿಕೊಳ್ಳುತ್ತಾಳೆ.

ನಾನು ರೊಟ್ಟಿ ಹಿಡಿದುಕೊಂಡೇ ಕೂತಿದ್ದೆ. ಎಮ್ಮೆ ಎಲ್ಲಿಂದ ಬಂತು? ಮಗಳು ಯಾವಾಗ ಹುಟ್ಟಿದಳು? ನನ್ನ ಕಥೆಯಲ್ಲಿ ಏಳನೇ ಬೆಡ್ಡಿನ ಹೆಂಗಸು ಒಂದು ಮಾತೂ ಆಡಿಲ್ಲ. ಇಲ್ಲಿ ಅವಳಿಗೆ ಗಂಗವ್ವ ಎಂಬ ಹೆಸರಿತ್ತು, ಕುಷ್ಟಗಿ ಕಡೆಯ ಊರಿತ್ತು, ಪಂಚಮಿಗಾದರೂ ಮನೆಗೆ ಬಿಡಿ ಎಂದು ಡಾಕ್ಟರ ಹತ್ತಿರ ಜಗಳ ಆಡುವ ಬಾಯಿಯೂ ಇತ್ತು. ಮರಳಿಯಲ್ಲಿ ಗಂಗವ್ವನೇ ಹೀರೋಯಿನ್. ನನ್ನ ಸರ್ಜನ್ ಮತ್ತು ನರ್ಸ್ ಅವಳ ಮಂಚದ ಅಕ್ಕಪಕ್ಕ ನಿಂತಿರುವ ಇಬ್ಬರು ನೌಕರರು, ಅಷ್ಟೆ.

ಸ್ವಲ್ಪ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಬದಿಗೆ ಕರೆದು ಕೇಳಿದಾಗ ರೇಣುಕಾ ತಲೆ ಬಗ್ಗಿಸಿ, ಕೇಳುವವರು ಕೇಳುತ್ತಾರೆ, ನೀವು ಬರೆದಿರುವುದಿಲ್ಲ, ಏನಾದರೂ ಹೇಳಬೇಕಲ್ಲ ಎಂದಳು. ಅವಳ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ತಿರುಗಿ ಬಂದು ಕೂತೆ, ಹನುಮವ್ವ ನನ್ನ ಪಕ್ಕ ಬಂದು ಕೂತಳು. ಟವೆಲ್ ಸಡಿಲಿಸಿ ಗಡ್ಡೆ ತೋರಿಸಿದಳು. ಅಕ್ಕಾರ, ನೀವು ಓದಿದವರು, ಗಂಗವ್ವ ಬದುಕುತ್ತಾಳೆ ಅಂತೀರಾ ಎಂದು ಕೇಳಿದಳು. ಅಲ್ಲವ್ವಾ, ಆಸ್ಪತ್ರೆಯವರು ಹೇಳಿದ್ದಕ್ಕಿಂತ ಕಥೆ ಹೆಚ್ಚಾಯಿತಾ ಎಂದೆ.

“ಕೊಪ್ಪಳದಾಗ ನಾ ಕುಂತೆ, ಎದ್ದೆ, ಅಷ್ಟ್ರಿ. ಹಿಂದ ಮಂದಿ ನಿಂತಿತ್ತು. ಈ ಕಥಿಯಾಗಿನ ಡಾಕ್ಟರು ಮಂಚದ ಹತ್ರ ತಾಸುಗಟ್ಲೆ ನಿಲ್ತಾನ. ಅಷ್ಟು ನಿಂತಾವಗ ಆಕಿದು ಎಲ್ಲಾ ಗೊತ್ತಿರ್ತೈತಿ.”

ಕುಷ್ಟಗಿಯ ನರ್ಸ್ ಓದುಗರೇ, ಕೇಳಿದಿರಾ? ನನ್ನ ಹೀರೋ ಅಲ್ಲಿ ನಿಂತದ್ದು ಯಾರಿಗಾಗಿ, ಇವಳು ತಿಳಿದದ್ದು ಯಾರಿಗಾಗಿ!

ಅವಳ ಅಸಲು ಭಯ ಸಾಯುವುದರದ್ದಲ್ಲ, ದನಿಯದ್ದು. ಸಹಿ ಮಾಡಬೇಕಾದ ಕಾಗದದಲ್ಲಿ ಧ್ವನಿ ಬದಲಾಗಬಹುದು ಎಂದು ಒಂದು ಸಾಲು ಇತ್ತಂತೆ. ಓದಿ ಹೇಳಿದವರು ಓದಿದರು, ಮುಂದಿನ ಸಾಲಿಗೆ ಹೋದರು. ಬದಲಾಗುವುದು ಎಂದರೆ ಎಷ್ಟು? ಪೂರಾ ಹೋಗುತ್ತದಾ? ವಾಪಸ್ ಬರುತ್ತದಾ? ಕೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರ ಹೆಸರು ಕರೆದಿದ್ದರು.

“ದನಿ ಹೋದ್ರ ನಾ ಯಾರ್ರಿ ಅಕ್ಕಾರ? ಹದಿನಾಕು ಮಂದ್ಯಾಗ ಒಬ್ಬಾಕಿ ಮೂಗಿ.”

ನನ್ನ ಕೈಲಿ ಮತ್ತೆ ಸುಳ್ಳು ನಡೆಸಲಾಗಲಿಲ್ಲ. ರೇಣುಕಾ ಕಣ್ಸನ್ನೆ ಮಾಡುತ್ತಿದ್ದರೂ ಹೇಳಿಬಿಟ್ಟೆ. ಆ ಕಥೆ ಬರೆಯುವವಳು ನಾನೇ. ರೊಟ್ಟಿ ಮುರಿಯುವ ಕೈಗಳೆಲ್ಲ ನಿಂತವು. ಹನುಮವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಾಗಾದರೆ ನೀವೇ ಹೇಳಿ, ಆಕೆಗೆ ಏನಾಗುತ್ತದೆ ಎಂದಳು. ಸಾಯುತ್ತಾಳೆ ಎಂದು ಬರೆದಿದ್ದೆ ಎಂದೆ. ಯಾಕೆ ಎಂದಳು.

ಯಾಕೆ? ಹದಿನಾಲ್ಕು ಜನರ ಎದುರು ಉತ್ತರ ಹೇಳಬೇಕಾಯಿತು. ಏಳನೇ ಬೆಡ್ ಖಾಲಿಯಾದರೆ ನರ್ಸಿಗೆ ಅಳು ಬರುತ್ತದೆ. ಅಳು ಬಂದರೆ ಡಾಕ್ಟರು ಅವಳ ಕೈ ಹಿಡಿಯುತ್ತಾನೆ. ಅದಕ್ಕೆ.

ಹನುಮವ್ವನ ಮುಖದಲ್ಲಿ ಸಿಟ್ಟಿರಲಿಲ್ಲ. ಸುಮ್ಮನೆ ತಿಳಿದುಕೊಳ್ಳಲು ಕೇಳುವವಳ ಹಾಗೆ ಕೇಳಿದಳು.

“ಇಬ್ರು ಕೈ ಹಿಡಿಯಾಕ ಒಂದು ಹೆಣ ಬೀಳಬೇಕೇನ್ರಿ ಅಕ್ಕಾರ?”

ಎರಡು ವರ್ಷದಲ್ಲಿ ನಾನು ಖಾಲಿ ಮಾಡಿದ ಬೆಡ್ಡುಗಳೆಲ್ಲ ನೆನಪಿಗೆ ಬಂದು ಮುಖ ಬಿಸಿಯಾಯಿತು. ಒಬ್ಬ ಮುದುಕ, ಒಂದು ಕೂಸು, ಇಬ್ಬರು ಬಾಣಂತಿಯರು. ಒಬ್ಬರಿಗೂ ಹೆಸರಿಟ್ಟಿರಲಿಲ್ಲ.

ಹನುಮವ್ವ ಬಿಡಲಿಲ್ಲ. ಆ ಗಡ್ಡೆ, ಸೆರಗು, ಎರಡು ದಿಂಬು, ಇದನ್ನೆಲ್ಲ ಎಲ್ಲಿ ನೋಡಿದಿರಿ ಎಂದಳು. ನಮ್ಮ ಚಿಗವ್ವನದು ಎಂದೆ. ಆಕೆ ಸತ್ತಳಾ ಎಂದಳು. ಇಲ್ಲ, ಯಲಬುರ್ಗಾದಲ್ಲಿ ಇಬ್ಬರು ಸೊಸೆಯರ ಜೊತೆ ಜಗಳ ಆಡಿಕೊಂಡು ಗಟ್ಟಿಮುಟ್ಟಾಗಿದ್ದಾಳೆ ಎಂದೆ. ಹೇಳುವಾಗ ನನಗೇ ನಾಚಿಕೆಯಾಯಿತು. ಬದುಕಿದವಳನ್ನು ಕಣ್ಣೆದುರು ಇಟ್ಟುಕೊಂಡು ಸಾವು ಬರೆದಿದ್ದೆ.

ಫೋನ್ ಹಚ್ಚಿ ಎಂದಳು. ಹಚ್ಚಿದೆ. ಸ್ಪೀಕರ್ ಹಾಕಿದೆ. ಚಿಗವ್ವನ ದನಿ ಕೇಳಿ ಬದುವಿನ ಮೇಲಿದ್ದ ಕೊಕ್ಕರೆ ಎರಡು ಹಾರಿಹೋದವು (ಉತ್ಪ್ರೇಕ್ಷೆ ಎನ್ನುವವರು ಒಮ್ಮೆ ಯಲಬುರ್ಗಾಕ್ಕೆ ಹೋಗಿ ಬನ್ನಿ). ವಿಷಯ ತಿಳಿದ ಮೇಲೆ ಇಬ್ಬರು ಹೆಂಗಸರು, ಒಬ್ಬರನ್ನೊಬ್ಬರು ಕಂಡವರೇ ಅಲ್ಲ, ಇಪ್ಪತ್ತು ನಿಮಿಷ ಮಾತಾಡಿದರು. ನನ್ನ ಕೆಲಸ ಫೋನ್ ಹಿಡಿದುಕೊಳ್ಳುವುದು ಮಾತ್ರ. ಮೊದಲ ಹದಿನೈದು ದಿನ ದನಿ ಒಡೆದಿತ್ತು, ಆಮೇಲೆ ತಿಳಿಯಾಯಿತು ಎಂದು ಚಿಗವ್ವ ಹೇಳಿದಳು. ನುಂಗುವಾಗ ನೋವು ನಾಲ್ಕೈದು ದಿನ. ಈಗಲೂ ದಿನಾ ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಗುಳಿಗೆ, ಅದನ್ನು ತಪ್ಪಿಸುವಂತಿಲ್ಲ. ಕೊನೆಗೆ ನನ್ನ ಕಡೆ ತಿರುಗಿದಳು.

“ಏನ ಬೇ, ನನ್ನ ಕೊಂದು ಬರದೀಯಂತ? ಪಂಚಮಿಗೆ ಬಾ, ಉಂಡಿ ಕೊಡ್ತೀನಿ.”

ಕೊಡುವುದು ಉಂಡೆಯಲ್ಲ ಎಂಬುದು ದನಿಯಲ್ಲೇ ಗೊತ್ತಾಯಿತು.

ಇಷ್ಟಾದ ಮೇಲೆ ಹನುಮವ್ವ ಒಪ್ಪಿದಳು ಎಂದುಕೊಂಡಿರಾ? ನಾನೂ ಹಾಗೇ ಅಂದುಕೊಂಡೆ. ಆಕೆ ಟವೆಲ್ ಸುತ್ತಿಕೊಂಡು, ಅದು ನಿಮ್ಮ ಚಿಗವ್ವನ ಕುತ್ತಿಗೆ, ಇದು ನನ್ನ ಕುತ್ತಿಗೆ, ಕೇಳುವುದನ್ನು ಡಾಕ್ಟರನ್ನೇ ಕೇಳಬೇಕು ಎಂದಳು. ಹಾಗಾದರೆ ಕಥೆ ಕೇಳುವುದಿಲ್ಲವಾ ಎಂದು ಒಬ್ಬಳು ಕೆಣಕಿದಳು. ಬರೆಯುವವಳಿಗೇ ಗೊತ್ತಿಲ್ಲ, ಇನ್ನು ಕಥೆಯನ್ನು ಏನು ಕೇಳುವುದು ಎಂದು ಹನುಮವ್ವ ಕೆಸರಿಗಿಳಿದಳು.

ಅವತ್ತು ಮಧ್ಯಾಹ್ನ ನಾಟಿ ಹಚ್ಚುತ್ತಲೇ ಹದಿನಾಲ್ಕು ಹೆಂಗಸರು ಪ್ರಶ್ನೆ ಹೇಳಿದರು, ರೇಣುಕಾ ಬದುವಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆದಳು. ಹನ್ನೊಂದು ಪ್ರಶ್ನೆಗಳಾದವು.

ಶುಕ್ರವಾರದ ಕಂತು ಬದಲಾಯಿತು. ಏಳನೇ ಬೆಡ್ಡಿನ ಹೆಂಗಸು ಎದ್ದು ಕೂತು ನನ್ನ ಸರ್ಜನ್‌ಗೆ ಮೂರು ಪ್ರಶ್ನೆ ಕೇಳಿದಳು, ಅವನು ತಡವರಿಸಿದ. ಕೈ ಹಿಡಿಯುವುದು ಇರಲಿಲ್ಲ. ಕಮೆಂಟುಗಳು ಬಂದವು. “ಈ ವಾರ ಬೋರ್.” “ಲವ್ ಎಲ್ಲಿ ಮೇಡಂ?” “ಪೇಷಂಟ್‌ಗೆ ಯಾಕಿಷ್ಟು ಡೈಲಾಗ್?” ಬೈಯಲಿ ಬಿಡಿ ಎನಿಸಿತು.

ಶನಿವಾರ ಕೊಪ್ಪಳ. ಹನುಮವ್ವ, ರೇಣುಕಾ, ನಾನು, ಮತ್ತೆ ಹನುಮವ್ವನ ಗಂಡ ಯಮನೂರಪ್ಪ. ಯಮನೂರಪ್ಪನ ಬಗ್ಗೆ ಹೇಳಲು ಹೆಚ್ಚೇನಿಲ್ಲ, ಆತನೂ ಏನೂ ಹೇಳುವುದಿಲ್ಲ. ಬಸ್ಸಿನಲ್ಲಿ ಪೂರ್ತಿ ದಾರಿ ಕಿಟಕಿ ನೋಡುತ್ತ ಕೂತಿದ್ದ. ಮಾತಿನ ಖಾತೆಯೆಲ್ಲ ಹೆಂಡತಿಯದು.

ಸರ್ಜನ್ ಒಬ್ಬ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಟೇಬಲ್ ಮೇಲೆ ಅರ್ಧ ತಿಂದ ಬಿಸ್ಕಿಟ್ ಪೊಟ್ಟಣ. ಹೊರಗೆ ನಲವತ್ತು ಜನ. (ಇವರು ಯಾರನ್ನಾದರೂ ಪ್ರೀತಿಸುತ್ತಿರಬಹುದಾ ಎಂದು ಒಂದು ಕ್ಷಣ ಯೋಚಿಸಿದೆ. ಹುಟ್ಟುಗುಣ.) ರೇಣುಕಾ ನೋಟ್‌ಬುಕ್ ತೆರೆದಳು. ಡಾಕ್ಟರು ಬಾಗಿಲ ಕಡೆ ನೋಡಿದರು, ನೋಟ್‌ಬುಕ್ ನೋಡಿದರು, ಸಿಸ್ಟರ್‌ಗೆ ಬಾಗಿಲು ಮುಂದೆ ಮಾಡಲು ಹೇಳಿ, ಓದಮ್ಮಾ ಎಂದರು.

ಎಷ್ಟು ದಿನಕ್ಕೆ ಬಗ್ಗಿ ಕೆಲಸ ಮಾಡಬಹುದು? ಎಚ್ಚರ ಆದಾಗ ಪಕ್ಕದಲ್ಲಿ ಯಾರಿರುತ್ತಾರೆ? ಆಪರೇಷನ್ ನೀವೇ ಮಾಡುತ್ತೀರೋ, ಬೇರೆಯವರೋ? ಒಂದೊಂದಕ್ಕೂ ಉತ್ತರ ಬಂತು. ದನಿಯ ಪ್ರಶ್ನೆಗೆ ಡಾಕ್ಟರು ಕಾಗದದ ಮೇಲೆ ಚಿತ್ರ ಬರೆದರು. ದನಿಯ ನರ ಇಲ್ಲೇ, ಗಡ್ಡೆಯ ಮಗ್ಗುಲಲ್ಲೇ ಹೋಗುತ್ತದೆ. ಅದನ್ನು ಹುಡುಕಿ, ನೋಡಿಕೊಂಡೇ ತೆಗೆಯುತ್ತೇನೆ. ದನಿ ಒಡೆದರೂ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ಅಪರೂಪಕ್ಕೆ ಒಬ್ಬರಿಗೆ ಸರಿಹೋಗದೆ ಹಾಗೇ ಉಳಿಯುತ್ತದೆ. ಹಾಗೇ ಬಿಟ್ಟರೆ ಉಸಿರಿನ ತೊಂದರೆ ಹೆಚ್ಚಾಗುತ್ತದೆ. ಏನೂ ಆಗುವುದಿಲ್ಲ ಎಂದು ಅವರು ಒಂದು ಸಲವೂ ಹೇಳಲಿಲ್ಲ. ಅದೇ ಹನುಮವ್ವನಿಗೆ ಹಿಡಿಸಿತು ಎಂದು ಕಾಣುತ್ತದೆ. ಚಿತ್ರವನ್ನು ಮಡಚಿ ಕುಪ್ಪಸದಲ್ಲಿಟ್ಟುಕೊಂಡು ಸಹಿ ಮಾಡಿದಳು.

ಹೊರಗೆ ಬಂದ ಮೇಲೆ ಆಸ್ಪತ್ರೆಯ ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಯಮನೂರಪ್ಪ ಎರಡು ಹೆಜ್ಜೆ ದೂರ ನಿಂತು ತನ್ನ ಚಪ್ಪಲಿ ನೋಡುತ್ತಿದ್ದ.

ಸೋಮವಾರ ನಾನು ಪಾಠ ಮಾಡಿದ್ದೇನು ಎಂದು ನನ್ನ ಕ್ಲಾಸಿನ ಮಕ್ಕಳನ್ನು ಕೇಳಬೇಡಿ. ಒಂದೇ ಅಧ್ಯಾಯ ಎರಡು ಸಲ ಮಾಡಿದೆನಂತೆ. ಎರಡೂವರೆಗೆ ರೇಣುಕಾಳ ಮೆಸೇಜ್ ಬಂತು. ಆಪರೇಷನ್ ಮುಗಿದಿದೆ. ಎಚ್ಚರವಾದ ಕೂಡಲೇ ಡಾಕ್ಟರು ಹೆಸರೇನು ಎಂದು ಕೇಳಿದರಂತೆ. ಹನುಮವ್ವ ಎಂದಳಂತೆ. ಒರಟು, ಆದರೆ ಅವಳದೇ ದನಿ. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ಅತ್ತುಬಿಟ್ಟೆ.

ಬುಧವಾರ ನೋಡಲು ಹೋದೆ. ಬಾಗಿಲಲ್ಲೇ ರೇಣುಕಾ ಎದುರಾಗಿ ಹೊಸ ಕಥೆ ಹೇಳಿದಳು. ನಾಲ್ಕು ದಿನ ಮೆಲ್ಲಗೆ, ಕಡಿಮೆ ಮಾತಾಡಿ, ಒಂದು ತಿಂಗಳು ಕೂಗಬೇಡಿ ಎಂದಿದ್ದಾರೆ ಡಾಕ್ಟರು. ಅತ್ತೆ ಕಡಿಮೆ ಎಂಬುದನ್ನು ಪೂರ್ತಿ ಬಂದ್ ಎಂದೇ ಹಿಡಿದಿದ್ದಾಳೆ. ಇರುವ ದನಿಯನ್ನು ಖರ್ಚು ಮಾಡಬಾರದಂತೆ. ಸೋಮವಾರ ಹೆಸರು ಹೇಳಿದ್ದೇ ಕೊನೆ, ತುಟಿ ಬಿಚ್ಚಿಲ್ಲ. ಬೇಕು ಬೇಡ ಹೇಗೆ ಹೇಳುತ್ತಾಳೆ ಎಂದರೆ ಅದಕ್ಕೆ ಮಾವ ಒಂದು ಉಪಾಯ ಮಾಡಿದ್ದಾನೆ. ಅವಳ ಕೈ ಹಿಡಿದುಕೊಂಡು ಕೂಡುತ್ತಾನೆ. ಒಂದು ಸಲ ಒತ್ತಿದರೆ ಹೌದು, ಎರಡು ಸಲ ಒತ್ತಿದರೆ ಅಲ್ಲ.

ಒಳಗೆ ಹೋದೆ. ದಿಂಬಿಗೆ ಒರಗಿ ಕೂತ ಹನುಮವ್ವ, ಕುತ್ತಿಗೆಗೆ ಬಿಳಿ ಪಟ್ಟಿ. ಪಕ್ಕದ ಸ್ಟೂಲಿನಲ್ಲಿ ಯಮನೂರಪ್ಪ. ಮತ್ತೆ ಆತ ಮಾತಾಡುತ್ತಿದ್ದ! ನಿಲ್ಲಿಸದೆ ಮಾತಾಡುತ್ತಿದ್ದ. ಮೂಡಣ ಮಡಿಯಲ್ಲಿ ಸಸಿ ದೂರ ದೂರ ಹಚ್ಚಿದ್ದಾರೆ, ಕಾಲುವೆ ನೀರು ನಾಳೆ ನಮ್ಮ ಕಡೆ ಬರುತ್ತದೆ, ಆಡು ಎರಡು ಮರಿ ಹಾಕಿದೆ, ಒಂದು ಕರಿದು, ಒಂದು ನಿನ್ನ ಹಾಗೆ ಗಂಟಲು ದೊಡ್ಡದು. ಚಹಾ ಕುಡೀತಿಯಾ? ಅವಳು ಒಂದು ಸಲ ಒತ್ತಿದಳು. ಆತ ಇನ್ನೊಂದು ಕೈಯಿಂದಲೇ ಲೋಟ ಎತ್ತಿಕೊಟ್ಟ. ಹಿಡಿದ ಕೈ ಬಿಡಲಿಲ್ಲ.

ನಾನು ಮಂಚದ ಕಾಲುದೆಸೆಯಲ್ಲಿ ನಿಂತಿದ್ದೆ. ಎರಡು ವರ್ಷ ಮೆಡಿಕಲ್ ರೊಮಾನ್ಸ್ ಬರೆದವಳು, ನೋಡಿದ್ದು ಇದೇ ಮೊದಲು.

ಯಮನೂರಪ್ಪ ನನ್ನನ್ನು ಕಂಡು ಎದ್ದು ನಿಲ್ಲಲು ಹೋದ, ಕೈ ಬಿಡಿಸಿಕೊಳ್ಳಲಾಗದೆ ಮತ್ತೆ ಕೂತ. ಮುಖದಲ್ಲಿ ಹುಡುಗನ ನಾಚಿಕೆ.

“ಮದುವಿಯಾಗಿ ಮೂವತ್ತು ವರ್ಷ ಆತ್ರಿ ಅಕ್ಕಾರ. ಈಕಿ ನನ್ನ ಮಾತು ಪೂರಾ ಕೇಳಿದ್ದು ಇದ ಮೊದಲ.”

ಹನುಮವ್ವ ಆತನ ಕೈಯನ್ನು ಎರಡು ಸಲ ಒತ್ತಿದಳು.